ಅಡ್ಡಗೆರೆ ಎಳೆದ ಪ್ರಶ್ನೆ

ನನಗೊಂದು ಕೆಟ್ಟ ಚಟವಿದೆ, ಕೆಂಪು ಪೆನ್ನಿನದು. ಇಪ್ಪತ್ತಾರು ವರ್ಷ ಮಾಸ್ತರಿಕೆ ಮಾಡಿದವನ ಕಿಸೆಯಲ್ಲಿ ಅದು ಇರುವುದು ಸಹಜವೇ ಅನ್ನಿ. ಆದರೆ ನನ್ನದು ಶಾಲೆಯ ಗೇಟು ದಾಟಿದ ಮೇಲೂ ಸುಮ್ಮನಿರುವುದಿಲ್ಲ. ಮದುವೆಯ ಕಾರ್ಡು ಬಂದರೆ ಮುಹೂರ್ತ ನೋಡುವ ಮೊದಲು ಒತ್ತಕ್ಷರ ನೋಡುತ್ತೇನೆ. ಒಮ್ಮೆ ಕಿರಾಣಿ ಸಾಮಾನಿಗೆ ಹೆಂಡತಿ ಬರೆದುಕೊಟ್ಟ ಚೀಟಿಯಲ್ಲಿ ‘ಶೇಂಗ’ ಎಂದಿದ್ದುದನ್ನು ‘ಶೇಂಗಾ’ ಎಂದು ತಿದ್ದಿದ್ದಕ್ಕೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿಯೂ ಆಗಲಿಲ್ಲ.

ಹೋದ ವಾರ ಶಾಲೆಯಲ್ಲಿ ವಿಜ್ಞಾನದ ಕಪಾಟು ಸ್ವಚ್ಛ ಮಾಡುತ್ತಿದ್ದೆ. ಒಡೆದ ಬೀಕರು, ಎರಡು ಸತ್ತ ಜಿರಳೆ, ಕೆಳಗೆ ಒಂದು ಹಾಳೆ. ಹಾಳೆಯ ಮೇಲೆ ದುಂಡು ಅಕ್ಷರದ ಒಂದು ಪ್ರಶ್ನೆ, ಅದರ ಮೇಲೆ ನನ್ನ ಕೆಂಪು ಅಡ್ಡಗೆರೆ. ನಾನು ಅಡ್ಡಗೆರೆಯನ್ನೂ ಸ್ಕೇಲು ಹಿಡಿದು ಎಳೆಯುವವನು, ಹೀಗಾಗಿ ಅದು ಅಗದಿ ನೇರವಾಗಿತ್ತು. ಕಪಾಟು ಅಷ್ಟಕ್ಕೇ ಬಿಟ್ಟು ಹಾಳೆ ಹಿಡಿದು ಕೂತೆ. ಆ ಗೆರೆ ಎಳೆದು ಎರಡು ವರ್ಷವಾಗುತ್ತ ಬಂತು.

ನಮ್ಮದು ಸಂಶಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯಲ್ಲಿರುವ ಒಂದು ಸರಕಾರಿ ಹೈಸ್ಕೂಲು. ಊರ ಹೆಸರು ಬೇಡ. ಸುತ್ತ ಕಪ್ಪು ಮಣ್ಣಿನ ಎರಿ ಹೊಲ. ಹತ್ತಿ, ಮೆಣಸಿನಗಿಡ, ಶೇಂಗಾ. ಆ ವರ್ಷ ಬೆಂಗಳೂರಿನ ಒಂದು ಮಕ್ಕಳ ವಿಜ್ಞಾನ ಪತ್ರಿಕೆಯವರಿಂದ ನನಗೆ ಪತ್ರ ಬಂತು. ಅವರದೊಂದು ಹೊಸ ಪದ್ಧತಿ. ಈಗ ನಡೆಯುತ್ತಿರುವ ಸಂಶೋಧನೆಯ ಬಗ್ಗೆ ವಿಜ್ಞಾನಿಗಳೇ ಮಕ್ಕಳಿಗಾಗಿ ಲೇಖನ ಬರೆಯುವುದು. ಅಚ್ಚಾಗುವ ಮೊದಲು ಅದನ್ನು ಯಾವುದಾದರೂ ಶಾಲೆಯ ಮಕ್ಕಳು ಓದಿ, ತಿಳಿಯದ್ದನ್ನು, ಸರಿ ಅನ್ನಿಸದ್ದನ್ನು ಬರೆದವರಿಗೇ ಹೇಳುವುದು. ಮಕ್ಕಳು ಒಪ್ಪಿದ ಮೇಲೆಯೇ ಅಚ್ಚು. ನಮ್ಮ ಒಂಬತ್ತನೆಯ ತರಗತಿಗೆ ಒಂದು ಲೇಖನ ಕಳಿಸುತ್ತೇವೆ, ಬರೆದ ಮ್ಯಾಡಂ ವಿಡಿಯೋದಲ್ಲಿ ಮಕ್ಕಳ ಜೊತೆ ಮಾತಾಡುತ್ತಾರೆ ಎಂದಿದ್ದರು.

ಹೆಡ್‌ಮಾಸ್ತರಿಗೆ ತೋರಿಸಿದೆ. ಅವರು ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಊರ ಮರ್ಯಾದೆ ಇನ್ನು ನಿಮ್ಮ ಕೈಯಾಗೈತಿ ಎಂದರು. ಅಲ್ಲಿಂದಲೇ ನನ್ನ ರಕ್ತದೊತ್ತಡ ಏರತೊಡಗಿತು.

ಲೇಖನ ಬಂತು, ನಾಲ್ಕು ಹಾಳೆ. ಗಿಡಗಳು ನೀರಡಿಸಿದಾಗ ಸದ್ದು ಮಾಡುತ್ತವಂತೆ. ಕಡಲೆಕಾಳು ಹುರಿಯುವಾಗಿನ ಹಾಗೆ ಚಟ್ ಚಟ್ ಎಂದು. ನಮ್ಮ ಕಿವಿಗೆ ಎಟುಕದಷ್ಟು ಎತ್ತರದ ಸ್ವರ. ಅದಕ್ಕೇ ಬೇರೆ ಮೈಕು ಬೇಕು. ಮಕ್ಕಳು ಬಾಯಿ ತೆರೆದು ಕೇಳಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಅಂಗಳದ ದಾಸವಾಳದ ಗಿಡಕ್ಕೆ ಹನ್ನೆರಡು ಕಿವಿ ಹತ್ತಿದ್ದವು. ನಾನೂ ಯಾರೂ ಇಲ್ಲದಾಗ ಒಮ್ಮೆ ಕಿವಿ ಹಚ್ಚಿ ನೋಡಿದೆ. ಇರುವೆ ಕಚ್ಚಿತು.

ಲೇಖನದ ಕೊನೆಗೆ ಒಂದು ಚಿತ್ರವಿತ್ತು. ಎಲೆ ಜೋತುಬಿದ್ದ ಗಿಡ, ಅದಕ್ಕೊಂದು ಬಾಯಿ, ‘ನೀರು’ ಎಂದು ಕೂಗುತ್ತಿದೆ. ಮುಂದೊಂದು ದಿನ ಹೊಲದಲ್ಲಿಟ್ಟ ಯಂತ್ರ ಈ ಕೂಗು ಕೇಳಿ ತಾನೇ ಪಂಪು ಚಾಲೂ ಮಾಡೀತು, ರೈತ ಮನೆಯಲ್ಲಿ ಹಾಯಾಗಿರಬಹುದು ಎಂದು ಬರೆದಿತ್ತು.

ಮಕ್ಕಳೆಲ್ಲ ಒಂದೊಂದು ಪ್ರಶ್ನೆ ಬರೆದುಕೊಡಿರಿ ಎಂದೆ. ಶಿವಲೀಲಾ ಎಂಬ ಹುಡುಗಿ ಬರೆದದ್ದು ಇದು: ‘ಎಲಿ ಜೋತು ಬಿದ್ರ ಗಿಡ ನೀರಡಿಸೇತಿ ಅಂತ ಹ್ಯಾಂಗ ಹೇಳ್ತೀರಿ? ನೀರು ಹೆಚ್ಚಾದ್ರೂ ಗಿಡ ಹಿಂಗ ಜೋತು ಬೀಳತೈತಿ. ಆವಾಗ ಯಂತ್ರ ಮತ್ತ ನೀರು ಬಿಟ್ರ ಗಿಡ ಸಾಯತೈತಿ. ಇದನ್ನ ಬರದವರು ಹೊಲ ನೋಡ್ಯಾರೋ ಇಲ್ಲೋ?’

ಕೊನೆಯ ಸಾಲು ಓದಿ ಬೆವರು ಬಂತು. ಬೆಂಗಳೂರಿನ ಅಷ್ಟು ದೊಡ್ಡ ವಿಜ್ಞಾನಿಗೆ, ಹೊಲ ನೋಡೀರೋ ಇಲ್ಲೋ ಎಂದು ನಮ್ಮ ಶಾಲೆಯ ಹುಡುಗಿ ಕೇಳುವುದೆಂದರೆ! ಸ್ಕೇಲು ತಗೊಂಡೆ, ಗೆರೆ ಎಳೆದೆ. ಶಿವಲೀಲಾ ಮೇಜಿನ ಹತ್ತಿರ ನಿಂತು ನೋಡುತ್ತಿದ್ದಳು.

“ಸರ್ರ, ಇದರಾಗ ತಪ್ಪೇನೈತ್ರಿ?” ಎಂದಳು.

ತಪ್ಪೇನಿಲ್ಲ, ಆದರ ಈಗ ಇದು ಬ್ಯಾಡ ಎಂದೆ. ಅವಳ ಬದಲಿಗೆ ನಾನೇ ಒಂದು ಪ್ರಶ್ನೆ ಬರೆದುಕೊಟ್ಟೆ: ‘ತಾವು ವಿಜ್ಞಾನಿಯಾಗಲು ತಮಗೆ ಪ್ರೇರಣೆ ಯಾರು?’ ಅದನ್ನು ಬಾಯಿಪಾಠ ಮಾಡಲು ಹೇಳಿದೆ. ಅವಳು ‘ಹೂಂ ರಿ’ ಎಂದು ಹೋದಳು.

ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ. ಕೊನೆಯ ಸಾಲಷ್ಟೇ ಕಾರಣವಾಗಿದ್ದರೆ ಅದೊಂದನ್ನೇ ತೆಗೆಯಬಹುದಿತ್ತು. ಉಳಿದ ಪ್ರಶ್ನೆಗೆ ನನಗೂ ಉತ್ತರ ಗೊತ್ತಿರಲಿಲ್ಲ. ಮ್ಯಾಡಂ ತಿರುಗಿ, ಮಾಸ್ತರರೇ ನೀವೇನು ಹೇಳುತ್ತೀರಿ ಎಂದು ಕೇಳಿದ್ದರೆ, ಎಲ್ಲರ ಮುಂದೆ ನಾನು ಬಾಯಿ ಬಿಡಬೇಕಾಗುತ್ತಿತ್ತು. ಅದು ಅಂಜಿಕೆ. ಹಳೆಯ ಅಂಜಿಕೆ.

ನಾನು ಕಲಿತದ್ದು ಕಲಘಟಗಿ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಆಗ ವಾರಕ್ಕೊಮ್ಮೆ ರೇಡಿಯೋದಲ್ಲಿ ಪಾಠ ಬರುತ್ತಿತ್ತು. ಮಾಸ್ತರು ಮನೆಯಿಂದ ರೇಡಿಯೋ ತಂದು, ಟವೆಲ್ಲು ಬಿಚ್ಚಿ ಮೇಜಿನ ಮೇಲೆ ಇಡುತ್ತಿದ್ದರು. ನಾವು ನೆಲಕ್ಕೆ ಕೂತು ಅದರ ಮುಖ ನೋಡುವುದು. ಒಬ್ಬ ಹೆಣ್ಣುಮಗಳು ಬಹಳ ಚಂದ ಮಾತಾಡುತ್ತಿದ್ದಳು. ಪಾಠದ ನಡುವೆ, ಮಕ್ಕಳೇ, ಅರ್ಥವಾಯಿತೇ ಎಂದು ಕೇಳಿ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ನಾವೆಲ್ಲ ಗಂಟಲು ಹರಿಯುವಂತೆ ‘ಹೌದ್ರೀ’ ಎನ್ನುತ್ತಿದ್ದೆವು. ಅವಳು ‘ಭೇಷ್’ ಎಂದು ಮುಂದಕ್ಕೆ ಹೋಗುತ್ತಿದ್ದಳು. ನಮ್ಮ ದನಿ ಅವಳಿಗೆ ಮುಟ್ಟುತ್ತದೆ ಎಂದೇ ನಾನು ತಿಳಿದಿದ್ದೆ. ಒಂದು ವಾರ ಚಂದ್ರನ ಪಾಠವಿತ್ತು. ಅವಳು ಹಾಗೆ ಕೇಳಿದಾಗ ಎಲ್ಲರೂ ‘ಹೌದ್ರೀ’ ಎಂದರು. ನಾನು ಎದ್ದು ನಿಂತು, ಇಲ್ರೀ, ಚಂದ್ರ ಹಗಲಿನಾಗೂ ಕಾಣತಾನಲ್ರಿ, ಅದು ಹ್ಯಾಂಗ ಎಂದೆ. ಅವಳು ‘ಭೇಷ್’ ಎಂದಳು. ಹುಡುಗರು ಬಿದ್ದು ಬಿದ್ದು ನಕ್ಕರು. ಮಾಸ್ತರು ಕಿವಿ ಹಿಡಿದು ಕೂಡ್ರಿಸಿದರು. ಆಮೇಲೆ ಏಳನೆಯ ತರಗತಿ ಮುಗಿಯುವವರೆಗೆ ನಾನೂ ಎಲ್ಲರ ಜೊತೆ ‘ಹೌದ್ರೀ’ ಎನ್ನುವುದನ್ನು ರೂಢಿ ಮಾಡಿಕೊಂಡೆ. ಹಾಗೆ ಹೇಳುತ್ತ ಹೇಳುತ್ತಲೇ ಮಾಸ್ತರನೂ ಆದೆ.

ಇರಲಿ. ವಿಡಿಯೋದ ದಿನ ಬಂತು. ಹನ್ನೊಂದು ಗಂಟೆಗೆ ಮ್ಯಾಡಂ ಬರುವವರು. ಹತ್ತೂವರೆಗೆ ಕರೆಂಟು ಹೋಯಿತು. ಹೆಡ್‌ಮಾಸ್ತರು ಪಂಚಾಯಿತಿ ಆಫೀಸಿನಿಂದ ಬ್ಯಾಟರಿ ತರಿಸಿದರು. ನೆಟ್‌ವರ್ಕ್ ಸಿಗುವುದು ಪೂರ್ವದ ಕಿಟಕಿಯ ಹತ್ತಿರ ಮಾತ್ರ. ಅಲ್ಲಿನ ಸರಳಿಗೆ ಒಬ್ಬ ಹುಡುಗಿಯ ತಲೆಯ ರಿಬ್ಬನ್ನಿನಿಂದ ನನ್ನ ಮೊಬೈಲು ಕಟ್ಟಿ, ಅದರ ಇಂಟರ್ನೆಟ್ಟನ್ನು ಶಾಲೆಯ ಕಂಪ್ಯೂಟರಿನ ಪರದೆಗೆ ಕೊಟ್ಟೆವು. ಶಾಲಾ ಸಮಿತಿಯವರನ್ನೂ ಕರೆದಿದ್ದೆವು. ಹಿಂದಿನ ಸಾಲಿನ ಕುರ್ಚಿಗಳಲ್ಲಿ ಐದಾರು ಮಂದಿ ಬಂದು ಕೂತರು. ಅವರಲ್ಲಿ ಬಸಣ್ಣನೂ ಒಬ್ಬ, ಶಿವಲೀಲಾಳ ಅಪ್ಪ. ಹದಿನಾರು ಎಕರೆ ಎರಿ ಹೊಲದ ರೈತ, ಮಾತು ಕಡಿಮೆ, ಆಡಿದರೆ ಗಟ್ಟಿ. ಆ ಮಳೆಗಾಲದಲ್ಲಿ ಅವನ ಮೆಣಸಿನಗಿಡ ಎರಡು ಎಕರೆ ಸುಟ್ಟ ಹಾಗೆ ಸತ್ತುಹೋಗಿತ್ತು. ಬಾಜೂ ಹೊಲದ ಈರಣ್ಣ ಒಡ್ಡು ಕಡಿದು ತನ್ನ ಹೊಲದ ನೀರನ್ನು ಇತ್ತ ಬಿಟ್ಟಿದ್ದರಿಂದಲೇ ಹೀಗಾಯಿತು ಎಂದು ಬಸಣ್ಣ ಪಂಚಾಯಿತಿಯವರೆಗೆ ಹೋಗಿದ್ದ. ಈರಣ್ಣ ಬೇರೆಯವನಲ್ಲ, ಅವನ ಸ್ವಂತ ಚಿಕ್ಕಪ್ಪನ ಮಗ. ಅಂದಿನಿಂದ ಎರಡು ಮನೆಗೂ ಮಾತಿಲ್ಲ, ಹೋಗಿಬರುವುದಿಲ್ಲ. ಇದು ಊರಿಗೆಲ್ಲ ಗೊತ್ತಿದ್ದದ್ದೇ.

ಹನ್ನೊಂದಕ್ಕೆ ಪರದೆಯ ಮೇಲೆ ಮ್ಯಾಡಂ ಮುಖ ಮೂಡಿತು. ಚಿಕ್ಕ ವಯಸ್ಸು, ಮೈಸೂರು ಕಡೆಯ ಕನ್ನಡ. ನಮಸ್ಕಾರ ಮುಗಿಯಿತು, ಪ್ರಶ್ನೆಗಳು ಶುರುವಾದವು. ನಾನು ತಿದ್ದಿದ, ನಾನು ಬಾಯಿಪಾಠ ಮಾಡಿಸಿದ ಪ್ರಶ್ನೆಗಳು. ಸಸ್ಯಶಾಸ್ತ್ರದ ಪ್ರಯೋಜನಗಳನ್ನು ತಿಳಿಸಿರಿ ಎಂದು ಒಬ್ಬ ಕೇಳಿದ. ಪರಿಸರ ಸಂರಕ್ಷಣೆಯಲ್ಲಿ ವಿದ್ಯಾರ್ಥಿಗಳ ಪಾತ್ರವೇನು ಎಂದು ಇನ್ನೊಬ್ಬಳು. ಮ್ಯಾಡಂ ನಗುತ್ತಲೇ ಉತ್ತರ ಕೊಡುತ್ತಿದ್ದರು. ಆದರೆ ಒಂದೊಂದು ಪ್ರಶ್ನೆಗೂ ಅವರ ನಗು ಸ್ವಲ್ಪ ಸ್ವಲ್ಪ ಇಳಿಯುವುದು ನನಗೆ ಕಾಣುತ್ತಿತ್ತು. ತಣ್ಣಗಾದ ಚಹಾ ಕುಡಿಯುವವರ ಮುಖ ಹೇಗಿರುತ್ತದೆ, ಹಾಗೆ.

ಐದು ಪ್ರಶ್ನೆ ಆದ ಮೇಲೆ ಅವರು ಕೈ ಎತ್ತಿ ನಿಲ್ಲಿಸಿದರು. ಇವೆಲ್ಲ ಒಳ್ಳೆಯ ಪ್ರಶ್ನೆಗಳೇ, ಆದರೆ ನಾನು ಬರೆದದ್ದರಲ್ಲಿ ಯಾವುದು ತಿಳಿಯಲಿಲ್ಲ, ಯಾವುದು ತಪ್ಪು ಅನ್ನಿಸಿತು, ಅದನ್ನು ಯಾರಾದರೂ ಹೇಳುತ್ತೀರಾ ಎಂದು ಕೇಳಿದರು.

ಹೆಡ್‌ಮಾಸ್ತರು ಹುಡುಗರ ಕಡೆ ಕಣ್ಣು ಬಿಟ್ಟರು. ಆ ಕಣ್ಣಿಗೆ ಹೆದರಿ ಇಡೀ ತರಗತಿ ಒಂದೇ ದನಿಯಲ್ಲಿ, “ಎಲ್ಲಾ ತಿಳದೈತ್ರೀ” ಎಂದಿತು.

ರೇಡಿಯೋದ ಮುಂದೆ ನಾವು ಕೂಗುತ್ತಿದ್ದುದೂ ಇದೇ ದನಿ.

ಸರದಿಯ ಪ್ರಕಾರ ಶಿವಲೀಲಾ ಎದ್ದಳು. ತಮಗೆ ಪ್ರೇರಣೆ ಯಾರು ಎಂದು ಒಂದಕ್ಷರ ತಪ್ಪದೆ ಕೇಳಿದಳು. ಕೇಳುವಾಗ ಪರದೆ ನೋಡಲಿಲ್ಲ, ನನ್ನನ್ನು ನೋಡುತ್ತಿದ್ದಳು. ಸಿಟ್ಟಿನ ನೋಟವಲ್ಲ. ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ನಮ್ಮ ಅಜ್ಜಿ ಎಂದು ಮ್ಯಾಡಂ ಒಂದೇ ಮಾತಿನಲ್ಲಿ ಮುಗಿಸಿದರು. ಆಮೇಲೆ ಗಡಿಯಾರ ನೋಡಿ, ಇನ್ನು ಹತ್ತು ನಿಮಿಷ ಇದೆ, ತಿದ್ದುವುದು ಏನೂ ಇಲ್ಲವಾದರೆ ಸೋಮವಾರ ಲೇಖನ ಹೀಗೆಯೇ ಅಚ್ಚಿಗೆ ಹೋಗುತ್ತದೆ ಎಂದರು. ರಾಜ್ಯದ ಎಷ್ಟೋ ಶಾಲೆಗಳಿಗೆ ಹೋಗುತ್ತದೆ, ಅದಕ್ಕೇ ಮತ್ತೊಮ್ಮೆ ಕೇಳುತ್ತಿದ್ದೇನೆ ಎಂದರು.

ಆ ಹತ್ತು ನಿಮಿಷದಲ್ಲಿ ಎರಡು ನಿಮಿಷ ನಾನು ಏನು ಮಾಡಿದೆ ಎಂದರೆ, ಕಿಟಕಿಗೆ ಕಟ್ಟಿದ ಮೊಬೈಲು ಬಿಗಿಯಾಗಿದೆಯೋ ಇಲ್ಲವೋ ಎಂದು ನೋಡಿದೆ. ಬಿಗಿಯಾಗಿಯೇ ಇತ್ತು. ಮತ್ತೊಮ್ಮೆ ನೋಡಿದೆ. ಬ್ಯಾಟರಿ ಕುಂಯ್ ಕುಂಯ್ ಎನ್ನತೊಡಗಿತ್ತು. ಅದು ಸತ್ತರೆ ಎಲ್ಲ ತಾನಾಗಿಯೇ ಮುಗಿಯುತ್ತದೆ, ನಾನು ಏನೂ ಮಾಡಬೇಕಾಗಿಲ್ಲ ಎಂಬ ಯೋಚನೆ ಬಂತು. ಬಂದದ್ದಕ್ಕೆ ನನಗೇ ಹೇಸಿಕೆಯಾಯಿತು. ಪರದೆಯ ಮುಂದೆ ಹೋಗಿ ನಿಂತೆ.

“ಮ್ಯಾಡಂ, ಒಂದು ಪ್ರಶ್ನಿ ಉಳದೈತ್ರಿ,” ಎಂದೆ. “ನಾನ ಅದಕ್ಕ ಗೆರಿ ಎಳದಿದ್ದೆ. ಆ ಹುಡುಗಿ ಈಗ ಕೇಳ್ತಾಳ.”

ಹೆಡ್‌ಮಾಸ್ತರು ಕೆಮ್ಮಿದರು. ಶಿವಲೀಲಾ ಕೂತಲ್ಲೇ ಕೂತಿದ್ದಳು. ಕೇಳವಾ ಎಂದೆ. ಎದ್ದು ನಿಂತು, ಹಾಳೆ ಇಲ್ಲದೆಯೇ, ಬರೆದಿದ್ದ ಹಾಗೆಯೇ ಕೇಳಿದಳು. ಕೊನೆಯ ಸಾಲನ್ನೂ ಬಿಡಲಿಲ್ಲ.

ಪರದೆಯ ಮೇಲೆ ಮ್ಯಾಡಂ ಅಲುಗಾಡಲಿಲ್ಲ. ನೆಟ್‌ವರ್ಕ್ ಹೋಯಿತೆಂದು ನಾನು ಕಿಟಕಿಗೆ ಓಡುವವನಿದ್ದೆ. ಅಷ್ಟರಲ್ಲಿ ಅವರು ಮುಂದಕ್ಕೆ ಬಾಗಿ, ನೀರು ಹೆಚ್ಚಾಗಿ ಗಿಡ ಬಾಡಿದ್ದನ್ನು ನೀನು ಎಲ್ಲಿ ನೋಡಿದೆಯಮ್ಮಾ, ಯಾರಾದರೂ ಹೇಳಿದರಾ ಎಂದು ಕೇಳಿದರು.

ಶಿವಲೀಲಾ ಹಿಂದಿನ ಸಾಲಿನ ಕಡೆ ಒಮ್ಮೆ ತಿರುಗಿದಳು. ಅಪ್ಪನನ್ನು ನೋಡಿದಳೆಂದು ನನಗೆ ತಿಳಿಯಿತು. ಯಾಕೆಂದು ತಿಳಿಯಲಿಲ್ಲ. ಆಮೇಲೆ ಪರದೆಗೆ ಮುಖ ಮಾಡಿ ಹೇಳತೊಡಗಿದಳು. ದನಿ ಸಣ್ಣದಿತ್ತು, ಆದರೆ ನಡುಗಲಿಲ್ಲ.

ಮಳೆಗಾಲದಲ್ಲಿ ಅವ್ವನಿಗೆ ಆಪರೇಶನ್ ಆಗಿತ್ತು. ಅಪ್ಪ ಅವಳ ಜೊತೆ ಹುಬ್ಬಳ್ಳಿಯ ದವಾಖಾನೆಯಲ್ಲಿದ್ದ. ಮೂರು ದಿನ ಬಿಡದೆ ಮಳೆ ಹೊಡೆದು ಮೆಣಸಿನಗಿಡದ ಹೊಲದಲ್ಲಿ ನೀರು ನಿಂತಿತು. ನಾಲ್ಕನೆಯ ದಿನ ಬಿಸಿಲು ಬಿತ್ತು. ಮೇಲಿನ ನೀರು ಇಂಗಿ, ಮಣ್ಣು ಹೊರಗೆ ಒಣಗಿದ ಹಾಗೆ ಕಂಡಿತು. ಗಿಡಗಳೆಲ್ಲ ತಲೆ ಬಗ್ಗಿಸಿ ನಿಂತಿದ್ದವು.

“ನೀರಡಿಸ್ಯಾವಂತ ತಿಳದು ನಾನ ಕೃಷಿಹೊಂಡದ ಪಂಪು ಚಾಲೂ ಮಾಡಿ ನೀರು ಬಿಟ್ಟೆ ರಿ,” ಎಂದಳು. “ಎರಡು ತಾಸು ಬಿಟ್ಟೆ. ಆಮ್ಯಾಲ ಒಂದ್ ವಾರದಾಗ ಎಲ್ಲಾ ಸತ್ತುವು. ಬ್ಯಾರೆ ಯಾರದೂ ತಪ್ಪಿಲ್ರಿ. ಈರಣ್ಣ ಕಾಕಾ ಒಡ್ಡು ಕಡದಿಲ್ಲ.”

ಹಿಂದೆ ಕುರ್ಚಿ ಕರ್ ಎಂದಿತು. ಬಸಣ್ಣ ಎದ್ದ. ಯಾರ ಮುಖವನ್ನೂ ನೋಡದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಅವನ ಚಪ್ಪಲಿಯ ಸದ್ದು ವರಾಂಡದ ಕೊನೆಯವರೆಗೆ ಕೇಳಿಸಿತು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವಲೀಲಾ ತಿರುಗಿ ನೋಡಲಿಲ್ಲ.

ಅಲ್ಲಿ ಬೆಂಗಳೂರಿನಲ್ಲಿ ಕೂತ ಮ್ಯಾಡಂಗೆ ಇದೆಲ್ಲ ಏನು ಗೊತ್ತು? ಆದರೆ ಹುಡುಗಿ ಹೇಳಿದ್ದರ ತೂಕ ಅವರಿಗೆ ಗೊತ್ತಾಗಿತ್ತು. ಸಾವಕಾಶವಾಗಿ ಮಾತಾಡಿದರು. ನೀರು ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ, ಗಾಳಿ ಇಲ್ಲದ ಬೇರು ಸುತ್ತಲೂ ನೀರಿದ್ದರೂ ಕುಡಿಯಲಾರದು, ಅದಕ್ಕೇ ಎಲೆ ಜೋತುಬೀಳುತ್ತದೆ ಎಂದರು. ಆಮೇಲೆ ಹೇಳಿದ ಮಾತನ್ನು ನಾನು ಮರೆತಿಲ್ಲ.

“ನೀನು ನೀರು ಬಿಟ್ಟದ್ದರಿಂದ ಏನೂ ಆಗಲಿಲ್ಲ ಅಂತ ನಾನು ಹೇಳಲಾರೆ, ಅದು ಸುಳ್ಳಾಗುತ್ತದೆ. ಆದರೆ ಮೂರು ದಿನ ನೀರು ನಿಂತಾಗಲೇ ಬಹಳಷ್ಟು ಗಿಡ ಹೋಗಿರಬೇಕು. ನಿನ್ನಿಂದಲೇ ಸತ್ತವು ಅಂತ ಯಾರೂ ಹೇಳಲಾರರು. ಇನ್ನು ನಿನ್ನ ಪ್ರಶ್ನೆ. ನಾವು ಕುಂಡದಲ್ಲಿ ನೀರು ಕೊಡದೆ ಬಿಟ್ಟ ಗಿಡಗಳ ಸದ್ದು ಮಾತ್ರ ಕೇಳಿದ್ದೇವೆ. ನೀರು ನಿಂತ ಹೊಲದ ಗಿಡ ಎಂಥ ಸದ್ದು ಮಾಡುತ್ತದೆ, ನನಗೆ ಗೊತ್ತಿಲ್ಲ.”

ಸೋಮವಾರ ಲೇಖನ ಹೋಗುವುದಿಲ್ಲ, ಚಿತ್ರ ಮತ್ತು ಕೊನೆಯ ಭಾಗವನ್ನು ಹೊಸದಾಗಿ ಬರೆದು ಮೊದಲು ನಿಮಗೇ ಕಳಿಸುತ್ತೇನೆ ಎಂದರು. ಬ್ಯಾಟರಿ ಸತ್ತಿತು. ಮಾತಿಗೆ ತಕ್ಕಂತೆ ಅವರು ಒಂದು ತಿಂಗಳಲ್ಲಿ ಕಳಿಸಿದರು ಕೂಡ. ಹೊಸ ಚಿತ್ರದಲ್ಲಿ ಒಂದೇ ತರಹ ಜೋತುಬಿದ್ದ ಎರಡು ಗಿಡಗಳಿದ್ದವು, ಒಂದು ಒಣನೆಲದಲ್ಲಿ, ಒಂದು ನಿಂತ ನೀರಿನಲ್ಲಿ. ಬಾಯಿ ಎರಡಕ್ಕೂ ಇರಲಿಲ್ಲ.

ಆದರೆ ಆ ದಿನ ನನಗೆ ಲೇಖನದ ಚಿಂತೆ ಇರಲಿಲ್ಲ. ಊಟದ ಹೊತ್ತಿನಲ್ಲಿ ಹೆಡ್‌ಮಾಸ್ತರು ನನ್ನನ್ನು ಒಳಗೆ ಕರೆದು, ಎರಡು ಮನೆಯ ಜಗಳವನ್ನು ನೀವು ಬೆಂಗಳೂರಿಗೆ ಮುಟ್ಟಿಸಿದಿರಿ, ಆ ಹುಡುಗಿಗೆ ಇವತ್ತು ಮನೆಯಲ್ಲಿ ಏನಾದರೂ ಆದರೆ ಯಾರು ಹೊಣೆ ಎಂದರು. ಗೆರೆ ಎಳೆದದ್ದೂ ತಪ್ಪು, ಅಳಿಸಿದ್ದೂ ತಪ್ಪು ಎನ್ನುವ ಹಾಗಾಗಿತ್ತು.

ಶಾಲೆ ಬಿಟ್ಟಿತು. ಹುಡುಗರೆಲ್ಲ ಹೋದರು. ಶಿವಲೀಲಾ ಮೆಟ್ಟಿಲ ಮೇಲೆ ಕೂತಿದ್ದಳು, ಚೀಲ ತೊಡೆಯ ಮೇಲೆ. ಅಪ್ಪ ಬೈತಾನೇನವಾ ಎಂದು ಕೇಳಿದೆ.

“ಬೈಯೂದಿಲ್ರಿ. ಸುಮ್ನ ಕುಂಡರತಾನ. ಅದ ಅಂಜಿಕಿ,” ಎಂದಳು.

ನಾನೂ ಬರುತ್ತೇನೆ, ನಡಿ ಎಂದೆ. ಧೈರ್ಯದಿಂದ ಹೇಳಿದೆ ಅಂದುಕೊಳ್ಳಬೇಡಿ. ದಾರಿಯುದ್ದಕ್ಕೂ, ಬಸಣ್ಣ ಮನೆಯಲ್ಲಿ ಇರದಿದ್ದರೆ ಚಲೋ ಎಂದು ಬೇಡಿಕೊಳ್ಳುತ್ತಿದ್ದೆ. ಇದ್ದ. ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಆತು ಕೂತಿದ್ದ. ಬರ್ರಿ ಸರ್ ಎಂದ. ಮಗಳು ಒಳಗೆ ಹೋದಳು. ನಾನು ಕೂತೆ. ತಪ್ಪು ಹುಡುಗಿಯದಲ್ಲ, ನನ್ನದು, ನಾನೇ ಎಬ್ಬಿಸಿ ಕೇಳಿಸಿದೆ ಎಂದು ದಾರಿಯಲ್ಲಿ ಜೋಡಿಸಿಕೊಂಡ ಮಾತು ಶುರು ಮಾಡಿದೆ. ಬಸಣ್ಣ ಕೈ ಎತ್ತಿ ತಡೆದ. ಬಹಳ ಹೊತ್ತು ಅಂಗಳ ನೋಡುತ್ತ ಕೂತ. ಶಿವಲೀಲಾ ಹೇಳಿದ ಆ ‘ಸುಮ್ನ’ ಎಂಥದೆಂದು ನನಗೂ ಆಗ ತಿಳಿಯಿತು.

“ಆ ದಿನ ಅಕಿ ನನಗ ಫೋನ್ ಮಾಡಿದ್ಲ್ರಿ,” ಎಂದ ಕೊನೆಗೆ. “ಅಪ್ಪಾ, ಗಿಡ ಬಾಡ್ಯಾವ, ಏನ್ ಮಾಡ್ಲಿ ಅಂತ. ಡಾಕ್ಟರ್ ಮುಂದ ನಿಂತಿದ್ದೆ. ಕೆಳಗ ಮಣ್ಣು ಹ್ಯಾಂಗೈತಿ ಅಂತ ಸೈತ ಕೇಳಲಿಲ್ಲ. ಪಂಪು ಹಚ್ಚಿ ನೀರು ಬಿಡು ಅಂದಾವ ನಾನು.”

ನಾನು ಅವನ ಕಡೆ ತಿರುಗಿ ಕೂತೆ.

ಊರಿಗೆ ಬಂದು ಸತ್ತ ಗಿಡ ನೋಡಿದಾಗ ತಾನು ಹೇಳಿದ್ದು ನೆನಪಿಗೆ ಬಂತಂತೆ. ಅದೇ ಹೊತ್ತಿಗೆ ಬದುವಿನ ಮೇಲೆ ಈರಣ್ಣ ಸಲಿಕೆ ಹಿಡಿದು ನಿಂತಿದ್ದು ಕಂಡಿತಂತೆ. ಬಾಯಿಗೆ ಅವನ ಹೆಸರು ಬಂದುಬಿಟ್ಟಿತು. ಒಮ್ಮೆ ಬಂದದ್ದನ್ನು ತಿರುಗಿ ನುಂಗಲಿಕ್ಕೆ ಆಗಲಿಲ್ಲ. ಮಗಳು ನಾಲ್ಕು ತಿಂಗಳು ಮನೆಯಲ್ಲಿ ಒಂದು ಮಾತೂ ಎತ್ತಲಿಲ್ಲ. ಇವತ್ತು ಶಾಲೆಯಲ್ಲಿ ಅವಳು ಹೇಳತೊಡಗಿದಾಗ, ಇನ್ನೇನು ತನ್ನ ಹೆಸರು ಬರುತ್ತದೆ ಎಂದು ಕುರ್ಚಿಯ ಕೈ ಹಿಡಿದು ಕೂತಿದ್ದನಂತೆ.

“ಹೇಳಲಿಲ್ರಿ ಅಕಿ. ಎಲ್ಲಾ ತನ್ನ ಮ್ಯಾಲ ಹಾಕ್ಕೊಂಡ್ಲು. ಅದಕ್ಕ ಎದ್ದು ಹೋದೆ. ಕುಂಡರಾಕ ಆಗಲಿಲ್ಲ.”

ಅಷ್ಟರಲ್ಲಿ ಶಿವಲೀಲಾ ಚಹಾ ತಂದಳು. ನನಗೊಂದು ಕಪ್ಪು, ಅಪ್ಪನಿಗೊಂದು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಬಸಣ್ಣ ಕಪ್ಪು ತಗೊಂಡ. ಕುಡಿಯಲಿಲ್ಲ.

“ಈಗ ಈರಣ್ಣ ಕಾಕಾನ ಮನಿಗೆ ಹೋಗೂಣು,” ಎಂದ ಮಗಳಿಗೆ. “ನೀನೂ ಬಾ.”

ಅವಳು ಬಾಗಿಲಿಗೆ ಒರಗಿ ನಿಂತಳು.

“ನಾ ಯಾಕಪ್ಪಾ? ನಂದು ನಾ ಸಾಲ್ಯಾಗ ಹೇಳೇನಿ,” ಎಂದಳು.

ಬಸಣ್ಣ ಕಪ್ಪು ಕೆಳಗಿಟ್ಟು ಚಪ್ಪಲಿ ಹುಡುಕಿದ.